ಮಾದರಿ ಊರಿನ ಒಲೆ

ಹುಣಸಿದಿನ್ನಿಯ ಸರ್ಕಾರಿ ಶಾಲೆಯಲ್ಲಿ ಮರಿಲಿಂಗಮ್ಮ ಹದಿನಾಲ್ಕು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಆ ಅಡುಗೆಕೋಣೆಯೊಳಗೆ ಅವಳು ಸುಖಪಟ್ಟದ್ದು ಹನ್ನೊಂದು ದಿನ. ಆ ಹನ್ನೊಂದು ದಿನ ಅಲ್ಲಿ ಗೋಬರ್ ಗ್ಯಾಸ್ ಉರಿದಿತ್ತು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದೊಡ್ಡ ರಸ್ತೆ ಬಿಟ್ಟು ಕಾಲುವೆಯ ಗುಂಟ ಒಳಗೆ ನಡೆದರೆ ಹುಣಸಿದಿನ್ನಿ. ಭತ್ತ ಬೆಳೆಯುವ ಊರು, ದನಕರುಗಳಿಗೆ ಕೊರತೆಯಿಲ್ಲ. ಅದಕ್ಕೇ ಸರ್ಕಾರದ ಯೋಜನೆಗೆ ಈ ಊರನ್ನು ಆರಿಸಿದ್ದರು. ಶಾಲೆಯ ಹಿಂದೆ ಬಾವಿಯಂಥ ಗುಂಡಿ ತೋಡಿ, ಮೇಲೆ ಸಿಮೆಂಟಿನ ಗುಮ್ಮಟ ಕಟ್ಟಿ, ಅಲ್ಲಿಂದ ಅಡುಗೆಕೋಣೆಗೆ ಹಳದಿ ಪೈಪು ಎಳೆದರು. ಬೆಳಿಗ್ಗೆ ಪಂಚಾಯಿತಿಯ ಟ್ರ್ಯಾಕ್ಟರ್ ಮನೆಮನೆ ತಿರುಗಿ ಸಗಣಿ ತರುತ್ತಿತ್ತು. ಮರಿಲಿಂಗಮ್ಮನ ಗಂಡ ಹುಲಗಪ್ಪ ಪಂಚಾಯಿತಿಯಲ್ಲಿ ನಲ್ಲಿಗೆ ನೀರು ಬಿಡುವವನು. ಸಗಣಿಗೆ ನೀರು ಕಲಸಿ ಗುಂಡಿಗೆ ಸುರಿಯುವ ಕೆಲಸವೂ ಅವನ ಪಾಲಿಗೇ ಬಂತು. ಅವನ ನೌಕರಿ ಕಾಯಂ ಆಗಿರಲಿಲ್ಲ. ಕಾಯಂ ಆಗದ ಮನುಷ್ಯ ಯಾವ ಕೆಲಸಕ್ಕೂ ಒಲ್ಲೆ ಅನ್ನುವುದಿಲ್ಲ.

ಇಪ್ಪತ್ತೈದನೆಯ ದಿನ ಒಲೆ ಹೊತ್ತಿತು. ಹೊಗೆಯಿಲ್ಲದ, ನಾತವಿಲ್ಲದ ನೀಲಿ ಉರಿ. ನೂರಾ ಇಪ್ಪತ್ತು ಮಕ್ಕಳ ಅನ್ನ ಬೆಂದರೂ ಬೋಗುಣಿಯ ತಳ ಕಪ್ಪಾಗಲಿಲ್ಲ. ನಾಲ್ಕನೆಯ ದಿನಕ್ಕೆ ಮರಿಲಿಂಗಮ್ಮನ ಕೆಮ್ಮು ಕಡಿಮೆಯಾಯಿತು. ಪಕ್ಕದ ಮನೆಯ ಇಮಾಮಬೀ ಕಟ್ಟೆಯ ಮೇಲೆ ಕೂತಿದ್ದಾಗ ಇವಳು ತನ್ನ ಕೈಯನ್ನೇ ಅವಳ ಮೂಗಿನ ಹತ್ತಿರ ಹಿಡಿದು, "ನೋಡ ಬೀಬಿ, ಹೊಗಿ ವಾಸನಿ ಅದ ಏನು?" ಎಂದು ಕೇಳಿದ್ದಳು. ಇಮಾಮಬೀ ಮೂಸಿ ನೋಡಿ, ಇಲ್ಲವೆಂದು ತಲೆಯಾಡಿಸಿ ನಕ್ಕಿದ್ದಳು. ಇಬ್ಬರೂ ಚಿಕ್ಕಂದಿನಿಂದ ಜೊತೆಗೆ ಕೂಲಿಗೆ ಹೋದವರು. ಇವಳಿಗೆ ಅವಳ ದಖನಿ ಉರ್ದು ಮಾತು, ಅವಳಿಗೆ ಇವಳ ಕನ್ನಡ, ಎರಡೂ ಸಲೀಸು.

ಹನ್ನೆರಡನೆಯ ದಿನ ಉರಿ ಸಣ್ಣಗಾಯಿತು. ಮರುದಿನ ನಂದಿತು. ಹುಲಗಪ್ಪ ಹಿಂದೆ ಹೋಗಿ ನೋಡಿದರೆ ಗುಮ್ಮಟ ಬಿರುಕು ಬಿಟ್ಟಿತ್ತು. ಬಿರುಕಿಗೆ ಉಗುರು ಹಾಕಿ ಕೆರೆದರೆ ಮರಳೇ ಉದುರುತ್ತಿತ್ತು. ಅವನು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಸಂಗಮನಾಥನ ಮುಂದೆ ಹೋಗಿ ನಿಂತ.

"ಸಾಹೇಬ್ರ, ಗುಮ್ಮಟ ಒಡದದ್ರಿ. ಮೊಳದುದ್ದ ಬಿರುಕು. ಒಂದೆರಡು ಚೀಲ ಸಿಮೆಂಟ್ ಕೊಡಿಸಿದ್ರ ನಾನss ಮೆತ್ತತೇನಿ."

ಸಂಗಮನಾಥ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕಟ್ಟಾಕ ಆರ್ಡರ್ ಬಂದದ, ರಿಪೇರಿಗಿ ಬಂದಿಲ್ಲ. ಯೋಜನಾದಾಗ ರಿಪೇರಿ ಅನ್ನೂದss ಇಲ್ಲೋ. ಮುಟ್ಟಬ್ಯಾಡ ನೀ, ಏನರೆ ಆದ್ರ ನಿನ್ನ ತೆಲಿಮ್ಯಾಲ ಬರ್ತದ."

ಹತ್ತು ದಿನದಲ್ಲಿ ಟ್ರ್ಯಾಕ್ಟರ್ ಬರುವುದು ನಿಂತಿತು. ಜನ ತಮ್ಮ ಸಗಣಿಯನ್ನು ಮೊದಲಿನಂತೆ ತಮ್ಮ ತಿಪ್ಪೆಗೆ ಹಾಕಿಕೊಂಡರು. ಗುಂಡಿಯೊಳಗೆ ಉಳಿದದ್ದು ಅಲ್ಲೇ ಕೊಳೆತು, ಬಿರುಕಿನಿಂದ ಸೋರಿ, ಅಡುಗೆಕೋಣೆಯ ಹಿಂದೆ ಮಡುಗಟ್ಟಿತು. ಹಸಿರುಗಪ್ಪು ನೀರು, ಮೇಲೆ ಕೆನೆಯಂಥ ಪೊರೆ, ಪೊರೆಯ ಕೆಳಗೆ ಬಿಳಿ ಹುಳ. ಬಿಸಿಲೇರಿದರೆ ನೊಣಗಳು ಎದ್ದು ಕಿಟಕಿಯಿಂದ ಒಳಗೆ ಬರುತ್ತಿದ್ದವು. ಮಕ್ಕಳು ಒಂದು ಕೈಯಲ್ಲಿ ಅನ್ನ ತಿನ್ನುತ್ತ ಇನ್ನೊಂದು ಕೈಯಲ್ಲಿ ತಟ್ಟೆಯ ಮೇಲೆ ಬೀಸಿಕೊಳ್ಳುತ್ತಿದ್ದರು. ಸಾಂಬಾರಿನಲ್ಲಿ ನೊಣ ಬಿದ್ದದ್ದನ್ನು ಮರಿಲಿಂಗಮ್ಮ ಸೌಟಿನಿಂದ ತೆಗೆದು ಎಸೆಯುತ್ತಿದ್ದಳು. ಮನೆಗೆ ಹೋದ ಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಇನ್ನೊಂದು ಅನಾಹುತವೂ ಆಯಿತು. ಶಾಲೆಗೆ ಮೊದಲು ಎಂದೋ ಒಮ್ಮೆ ಬಂದು ನಾಲ್ಕೇ ದಿನಕ್ಕೆ ಮುಗಿಯುತ್ತಿದ್ದ ಗ್ಯಾಸ್ ಸಿಲಿಂಡರ್ ಕೂಡ ನಿಂತುಹೋಯಿತು. ಹುಣಸಿದಿನ್ನಿ ಶಾಲೆ ಗೋಬರ್ ಗ್ಯಾಸಿನಲ್ಲಿ ನಡೆಯುತ್ತಿದೆ, ಸಿಲಿಂಡರ್ ಬೇಕಿಲ್ಲ ಎಂದು ಮೇಲೆ ಬರೆದು ಹೋಗಿತ್ತು. ಮುಖ್ಯೋಪಾಧ್ಯಾಯ ವಿಶ್ವರಾಧ್ಯ ಮೂರು ಅರ್ಜಿ ಹಾಕಿ ಸುಮ್ಮನಾದರು. ಮರಿಲಿಂಗಮ್ಮ ಅಡುಗೆಕೋಣೆಯ ಮೂಲೆಯಲ್ಲಿ ಮತ್ತೆ ಕಲ್ಲು ಹೂಡಿ ಜಾಲಿ ಕಟ್ಟಿಗೆ ಉರಿಸತೊಡಗಿದಳು. ಕೆಮ್ಮು ವಾಪಸು ಬಂತು.

ಅಷ್ಟರಲ್ಲಿ ಬೆಂಗಳೂರಿನಿಂದ ದೊಡ್ಡವರು ಯೋಜನೆ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಎರಡು ದಿನ ಮೊದಲು ಸಂಗಮನಾಥ ಶಾಲೆಗೆ ಬಂದ. ಅಡುಗೆಕೋಣೆಯ ಹೊರಗೋಡೆಗೆ ಹತ್ತಿದಂತೆ ತಗಡಿನ ಸಣ್ಣ ಕೋಣೆ ಎದ್ದಿತು. ಬಾಗಿಲ ಮೇಲೆ 'ಸಾಮಗ್ರಿ' ಎಂದು ಬರೆಸಿದರು. ಒಳಗೆ ಒಂದು ತುಂಬಿದ ಸಿಲಿಂಡರ್. ಅದರ ಕೊಳವೆಯನ್ನು ಗೋಡೆಯ ತೂತಿನಿಂದ ತಂದು ಹಳದಿ ಪೈಪಿಗೆ ಜೋಡಿಸಿದರು. ಒಳಗಿನಿಂದ ನೋಡಿದವರಿಗೆ ಹಳದಿ ಪೈಪು ಮಾತ್ರ ಕಾಣುತ್ತಿತ್ತು. ಕೀಲಿಕೈಯನ್ನು ಹುಲಗಪ್ಪನ ಕೈಗೆ ಕೊಟ್ಟರು.

"ಮಂದಿ ಬಂದಾಗ ನೀ ಒಳಗ ಕುಂದ್ರು, ಬಾಗಲಾ ಹಾಕ್ಕೊ. ಶಿಳ್ಳಿ ಹೊಡದ್ನೆಂದ್ರ ತಿರುವು, ಹೋದ ಮ್ಯಾಲ ಬಂದ್ ಮಾಡು. ಇಷ್ಟss ಕೆಲಸ," ಎಂದ ಸಂಗಮನಾಥ.

ಮರಿಲಿಂಗಮ್ಮ ಅಲ್ಲೇ ನಿಂತಿದ್ದಳು. "ಇದು ಸುಳ್ಳಾಗಲಿಲ್ಲೇನ್ರಿ ಸಾಹೇಬ್ರ?"

"ಏ ಯವ್ವಾ, ಒಂದ್ ಹತ್ತ ಮಿನಿಟಿನ ಮಾತು. ಅವ್ರು ನೋಡಿ ಖುಷಿ ಆದ್ರ ರಿಪೇರಿಗಿ ರೊಕ್ಕ ಹಾಕ್ತಾರ. ಊರಿನ ಸಲ್ಯಾಗಿ ಮಾಡೂದು."

ಊರಿನ ಸಲುವಾಗಿ ಎಂದದ್ದನ್ನು ಅವಳು ನಂಬಿದಳು. ನಂಬುವುದು ಆಗ ಸುಲಭವಾಗಿತ್ತು.

ದೊಡ್ಡವರು ಬಂದರು. ಹಿಂದಿನ ಮಡುವಿಗೆ ಹಸಿರು ಪರದೆ ಮುಚ್ಚಿ, ಸುತ್ತ ಬ್ಲೀಚಿಂಗ್ ಪುಡಿ ಚೆಲ್ಲಿದ್ದರು. ಯಾದಗಿರಿಯಿಂದ ಬಂದಿದ್ದ ಯೋಜನೆಯ ಸಂಯೋಜಕಿ ಉಮಾಶ್ರೀ ಮೊಬೈಲ್ ಎತ್ತಿ ಹಿಡಿದು, "ಹೇಳ್ರಿ ಮರಿಲಿಂಗಮ್ಮ, ನಿಮ್ಮ ಮಾತಿನ್ಯಾಗss ಹೇಳ್ರಿ. ಮೊದಲ ಹ್ಯಾಂಗಿತ್ತು, ಈಗ ಹ್ಯಾಂಗದ?" ಎಂದಳು.

ಹೊರಗೆ ಶಿಳ್ಳೆ ಕೇಳಿತು. ಒಲೆ ಹೊತ್ತಿತು. ಅದೇ ನೀಲಿ ಉರಿ. ಮರಿಲಿಂಗಮ್ಮನಿಗೆ ಏನು ಹೇಳಬೇಕೆಂದು ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ಅವಳು ಆ ಹನ್ನೊಂದು ದಿನವನ್ನು ನೆನೆಸಿಕೊಂಡು ಹೇಳಿಬಿಟ್ಟಳು: "ಕಣ್ಣಾಗ ನೀರು ಬರೂದು ನಿಂತದ್ರಿ. ಬೋಗಾಣಿ ತಳ ಕರ್ರಗಾಗಂಗಿಲ್ಲ. ಕೆಮ್ಮು ಹೋಗ್ಯಾದ. ಹೆಣ್ಮಕ್ಕಳಿಗಿ ಇದಕ್ಕಿಂತ ಪುಣ್ಯೇದ ಕೆಲಸ ಇಲ್ರಿ." ಒಂದು ಕಾಲಕ್ಕೆ ನಿಜವಾಗಿದ್ದ ಮಾತು, ಹಾಗಾಗಿ ಎಲ್ಲೂ ತಡವರಿಸಲಿಲ್ಲ. ಉಮಾಶ್ರೀಯ ಕಣ್ಣೇ ತೇವವಾಯಿತು.

ಆ ಒಲೆಯ ಮೇಲೆ ಚಹಾ ಮಾಡಿಸಿದರು. ಬಂದವರು ಲೋಟ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು, ಒಬ್ಬೊಬ್ಬರಾಗಿ ಕಟ್ಟೆಯ ಮೇಲಿಟ್ಟರು. ಕಾರುಗಳು ಹೋದ ಮೇಲೆ ನೋಡಿದರೆ ಹದಿನಾರು ಲೋಟಗಳೂ ತುಂಬಿದ್ದವು. ಒಂದರಿಂದ ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿ ನೊಣ ಕೂತಿತ್ತು. ಮರಿಲಿಂಗಮ್ಮ ಎಲ್ಲವನ್ನೂ ಮೋರಿಗೆ ಚೆಲ್ಲಿದಳು. ಹುಲಗಪ್ಪ ತಗಡಿನ ಕೋಣೆಗೆ ಕೀಲಿ ಹಾಕಿದ. ಮರುದಿನ ಮಕ್ಕಳ ಅನ್ನ ಮತ್ತೆ ಕಟ್ಟಿಗೆಯಲ್ಲೇ ಬೆಂದಿತು.

ರಿಪೇರಿಗೆ ಏನೂ ಬರಲಿಲ್ಲ. ಬಂದದ್ದು ಜನ. ಅವಳ ಮಾತು ಮೊಬೈಲುಗಳಲ್ಲಿ ಹರಿದಾಡಿ ಹುಣಸಿದಿನ್ನಿ ಮಾದರಿ ಗ್ರಾಮವಾಯಿತು. ಊರ ಬಾಗಿಲಲ್ಲಿ ಫ್ಲೆಕ್ಸು. ಅದರ ಮೇಲೆ ನಗುವ ಮರಿಲಿಂಗಮ್ಮ. ವಾರಕ್ಕೊಂದು, ಒಮ್ಮೊಮ್ಮೆ ಎರಡು ಗುಂಪು ಬರುತ್ತಿದ್ದವು. ಪ್ರತಿ ಸಲವೂ ಕಲ್ಲಿನ ಒಲೆ ಮರೆಮಾಡುವುದು, ಪರದೆ, ಬ್ಲೀಚಿಂಗ್ ಪುಡಿ, ಶಿಳ್ಳೆ, ಅದೇ ಮಾತು. ಹುಲಗಪ್ಪ ತಗಡಿನ ಕೋಣೆಯಿಂದ ಹೊರಬರುವಾಗ ಬೆವರಿನಲ್ಲಿ ಅದ್ದಿ ತೆಗೆದಂತಿರುತ್ತಿದ್ದ. ಗಂಡಹೆಂಡತಿ ಅದರ ಬಗ್ಗೆ ಮನೆಯಲ್ಲಿ ಮಾತಾಡುತ್ತಿರಲಿಲ್ಲ.

ಹಾಗೆ ಬಂದ ಗುಂಪುಗಳಲ್ಲಿ ಒಂದು ಕೃಷ್ಣಾ ದಂಡೆಯ ಕಲ್ಲದಂಡಿ ಊರಿನ ಹೆಣ್ಣುಮಕ್ಕಳದು. ಅವರ ಸಂಘದ ಮುಖಂಡೆ ಶೇಖಮ್ಮ. ಎತ್ತರದ ಆಳು, ದೊಡ್ಡ ದನಿ. ಬೇರೆಯವರಂತೆ ಅವಳು ಫೋಟೊಗೆ ನಿಲ್ಲಲಿಲ್ಲ. ಉರಿಯ ಹತ್ತಿರ ಕೈ ಹಿಡಿದು ನೋಡಿದಳು, ತೋರಿಸಲೆಂದೇ ಇಟ್ಟಿದ್ದ ಹೊಸ ಬೋಗುಣಿ ಎತ್ತಿ ತಳ ನೋಡಿದಳು, ಮರಿಲಿಂಗಮ್ಮನ ಚಹಾವನ್ನು ಪೂರಾ ಕುಡಿದು ಲೋಟ ತಾನೇ ತೊಳೆದಿಟ್ಟಳು. ಹೋಗುವಾಗ, "ಅಕ್ಕಾ, ನೀವು ನಕ್ಕೋಂತ ಹೇಳೂದು ನೋಡಿ ನನಗ ಧೈರ್ಯ ಬಂತ್ರಿ. ನಮ್ಮೂರಾಗೂ ಹಾಕಿಸ್ತೀನಿ," ಎಂದಿದ್ದಳು. ಮರಿಲಿಂಗಮ್ಮ ಏನೋ ಹೇಳಬೇಕೆಂದು ಬಾಯಿ ತೆರೆದಳು. ಬಾಗಿಲಲ್ಲಿ ಸಂಗಮನಾಥ ನಿಂತಿದ್ದ. "ಛಲೋ ಆಗ್ಲಿ," ಎಂದುಬಿಟ್ಟಳು.

ಆರು ತಿಂಗಳು ಕಳೆಯಿತು. ಶ್ರಾವಣದ ಒಂದು ಮಧ್ಯಾಹ್ನ, ಜಿನುಗು ಮಳೆ. ಕಟ್ಟಿಗೆ ಹಸಿಯಾಗಿತ್ತು. ಮರಿಲಿಂಗಮ್ಮ ಊದುಕೊಳವೆ ಹಿಡಿದು ಊದುತ್ತ, ಕೆಮ್ಮುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಬಾಗಿಲಿಗೆ ಯಾರೋ ಅಡ್ಡ ಬಂದರು. ನೋಡಿದರೆ ಶೇಖಮ್ಮ. ಒಬ್ಬಳೇ ಬಂದಿದ್ದಳು. ಸೀರೆಗೆ ಮೊಳಕಾಲವರೆಗೆ ಕೆಸರು.

ಶೇಖಮ್ಮ ಕಲ್ಲಿನ ಒಲೆ ನೋಡಿದಳು, ಹೊಗೆ ನೋಡಿದಳು. "ಇದೇನ್ರಿ ಅಕ್ಕಾ? ಗ್ಯಾಸ್ ಇಲ್ಲೇನ್ರಿ?"

"ಇವತ್ತ ರಿಪೇರಿಗಿ ಅದವ್ವಾ," ಎಂದಳು ಮರಿಲಿಂಗಮ್ಮ. ಸುಳ್ಳು ಈಗ ಯೋಚಿಸುವ ಮೊದಲೇ ಬಾಯಿಗೆ ಬರುತ್ತಿತ್ತು.

ಶೇಖಮ್ಮ ಅಷ್ಟನ್ನೇ ನಂಬಿ ಹೊಸ್ತಿಲ ಮೇಲೆ ಕೂತಳು. ಕಲ್ಲದಂಡಿಯಲ್ಲಿ ನಲವತ್ತು ಮನೆಗೆ ಪೈಪು ಎಳೆದಿದ್ದರು. ಉದ್ಘಾಟನೆಯ ದಿನ ಅಧಿಕಾರಿಗಳು ಬಂದು, ಇನ್ನು ಈ ಊರು ಹೊಗೆಮುಕ್ತ ಗ್ರಾಮ ಎಂದು ಘೋಷಿಸಿ, ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವರವರ ಮಣ್ಣಿನ ಒಲೆಗಳನ್ನು ಅವರವರ ಕೈಯಿಂದಲೇ ಒಡೆಸಿದ್ದರು. ಅದನ್ನೂ ಫೋಟೊ ಹಿಡಿದಿದ್ದರು. ಗ್ಯಾಸು ಮೂರು ದಿನ ಬಂತು, ಮತ್ತೆ ಬರಲಿಲ್ಲ.

"ಒಲಿ ಮತ್ತ ಹಾಕ್ಕೋಬೇಕಿಲ್ಲೇನು?" ಎಂದಳು ಮರಿಲಿಂಗಮ್ಮ.

"ಹ್ಯಾಂಗ ಹಾಕೂದ್ರಿ? ಹೊಗಿ ಕಂಡ್ರ ಊರಿನ ಹೆಸರು ಹೋಗ್ತದ, ಒಲಿ ಹಾಕಿದವ್ರ ಹೆಸರು ಸರ್ಕಾರದ ಮನಿ ಕೊಡೂ ಪಟ್ಟಿಯಾಗಿಂದ ತೆಗಿತೀವಿ ಅಂದಾರ. ಅಂಗಳದಾಗ ಮೂರು ಕಲ್ಲ ಇಟ್ಟು ಬೇಯಿಸ್ತೀವಿ, ಯಾರರೆ ಬಂದ್ರ ಕಲ್ಲ ಸರಸ್ತೀವಿ. ನಮ್ಮ ಪಾರ್ವತಿಬಾಯಿ ಅಂತ ಒಬ್ಬಾಕಿ ಮುದುಕಿ ಅದಾಳ. ಮಳಿ ಬಂದ ದಿನ ಆಕಿಗಿ ರೊಟ್ಟಿ ಇಲ್ಲ. ಮೂರು ದಿನದಿಂದ ಮಳಿ ಹತ್ತ್ಯಾದ ನೋಡ್ರಿ." ಶೇಖಮ್ಮ ದನಿ ತಗ್ಗಿಸಿದಳು. "ಎಲ್ಲಾರೂ ನನ್ನss ಬಯ್ತಾರ್ರಿ. ಅಧಿಕಾರಿಗೋಳು ಏನಂತಾರ, ನಿಮಗ ದನದ ಹೆಂಡಿ ಕಲಸಾಕ ಬರಂಗಿಲ್ಲ, ಹುಣಸಿದಿನ್ನ್ಯಾಗ ಉರಿಯಾಕತ್ತದ, ನಿಮಗ್ಯಾಕ ಉರಿಯಂಗಿಲ್ಲ, ತಪ್ಪು ನಿಮ್ಮದು ಅಂತಾರ. ಅದಕ್ಕ ಬಂದೀನಿ. ಎಷ್ಟು ಹೆಂಡಿಗಿ ಎಷ್ಟು ನೀರು ಹಾಕ್ತೀರಿ? ಹ್ಯಾಂಗ ತಿರುವ್ತೀರಿ? ನಿಮ್ಮ ಕಾಲ ಬೀಳ್ತೀನಿ ಅಕ್ಕಾ, ಸರಿಯಾಗಿ ಹೇಳಿಕೊಡ್ರಿ."

ಅವಳು ನಿಜವಾಗಿಯೂ ಬಗ್ಗಿದಳು. ಮರಿಲಿಂಗಮ್ಮ ಗಾಬರಿಯಿಂದ ಹಿಂದೆ ಸರಿದಳು. ಬೋಗುಣಿಯ ಅನ್ನ ತಳ ಹತ್ತುವ ವಾಸನೆ ಬರುತ್ತಿತ್ತು. ಅವಳು ಅದನ್ನು ಇಳಿಸಲಿಲ್ಲ. "ಕುಂದ್ರವ್ವಾ, ಬಂದೆ," ಎಂದು ಮಳೆಯಲ್ಲೇ ಮನೆಗೆ ಓಡಿ, ಗೂಟಕ್ಕೆ ತೂಗುಹಾಕಿದ್ದ ಕೀಲಿಕೈ ತಂದಳು. ಶೇಖಮ್ಮನನ್ನು ಹೊರಗೋಡೆಯ ಹಿಂದೆ ಕರೆದೊಯ್ದು ತಗಡಿನ ಬಾಗಿಲು ತೆಗೆದಳು.

ಒಳಗೆ ಕೆಂಪು ಸಿಲಿಂಡರ್. ಪಕ್ಕದಲ್ಲಿ ಹುಲಗಪ್ಪ ಕೂರುವ ಬೋರಲು ಬಕೆಟ್ಟು.

ಶೇಖಮ್ಮ ಕೊಳವೆಯ ಮೇಲೆ ಬೆರಳಿಟ್ಟು, ಅದು ಗೋಡೆಯ ತೂತಿನೊಳಗೆ ಹೋಗುವವರೆಗೆ ಬೆರಳು ಸರಿಸುತ್ತ ಹೋದಳು. ಆಮೇಲೆ ತಿರುಗಿದಳು.

"ನಾ ಬಂದ ದಿನಾನೂ ಇದss ಏನ್ರಿ ಉರದಿದ್ದು?"

"ಹೌದವ್ವಾ."

"ನಾ ಊರಿಗಿ ಹೋಗಿ ತಿಂಥಣಿ ಮೌನೇಶ್ವರನ ಆಣಿ ಮಾಡಿ ಹೇಳೀನ್ರಿ. ನನ್ನ ಕಣ್ಣಾರೆ ನೋಡೀನಿ, ಆ ಅಕ್ಕನ ಕಣ್ಣಾಗ ಒಂದು ಹನಿ ನೀರಿಲ್ಲ ಅಂತ. ಒಲಿ ಒಡಿಯಾಕ ಹಿಂದಮುಂದ ನೋಡಿದವರ ಕೈಯಾಗ ನಾನss ಸುತಿಗಿ ಕೊಟ್ಟೀನಿ." ಅವಳ ದನಿ ಏರಲಿಲ್ಲ. "ನಿಮಗ ಗೊತ್ತಿತ್ತಲ್ರಿ ಅಕ್ಕಾ. ನಮ್ಮಂಗss ಒಲಿ ಮುಂದ ಕುಂತಾಕಿ ನೀವು."

ಮರಿಲಿಂಗಮ್ಮ ಸಂಗಮನಾಥನ ಹೆಸರು ಹೇಳಬಹುದಿತ್ತು, ಗಂಡನ ನೌಕರಿಯ ಮಾತು ಹೇಳಬಹುದಿತ್ತು. ಶೇಖಮ್ಮ ನೀರನ್ನೂ ಕುಡಿಯದೆ ಮಳೆಯಲ್ಲಿ ನಡೆದು ಹೋದಳು. ಒಳಗೆ ಅನ್ನ ಸೀದುಹೋಗಿತ್ತು. ಆ ದಿನ ಮಕ್ಕಳು ಸೀದ ಅನ್ನವನ್ನೇ ತಿಂದರು.

ಸಂಜೆ ಮನೆಯಲ್ಲಿ ಮರಿಲಿಂಗಮ್ಮ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಹುಲಗಪ್ಪ ಏನಾಯಿತೆಂದು ಕೇಳಿದ. ಅವಳು ಎಲ್ಲ ಹೇಳಿದಳು.

"ನಮ್ಮದೇನದ ಅದರಾಗ?" ಎಂದ ಅವನು. "ಅವ್ರು ಹೇಳ್ತಾರ, ನಾವು ಮಾಡ್ತೀವಿ. ಒಲ್ಲೆ ಅಂದ್ರ ನಾಳಿ ನನ್ನ ಜಾಗಾಕ್ಕ ಇನ್ನೊಬ್ಬ ಬರ್ತಾನ, ಅವನೂ ಇದನ್ನss ಮಾಡ್ತಾನ."

"ಮಾಡ್ಲಿ. ಅವ ಮಾಡ್ಲಿ. ನನ್ನ ಬಾಯಿ ನನಗ ಹೊಲಸು ನಾರಾಕತ್ತದ."

ಅವನು ಕೀಲಿಕೈಯನ್ನು ಗೂಟದಿಂದ ತೆಗೆದು ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

ದೀಪಾವಳಿ ಮುಗಿದ ಮೇಲೆ ದೊಡ್ಡ ತನಿಖೆ ಬಂತು. ಹುಣಸಿದಿನ್ನಿಯ ಹೆಸರು ರಾಷ್ಟ್ರಮಟ್ಟದ ಪ್ರಶಸ್ತಿಗೆ ಹೋಗಿತ್ತು. ದಿಲ್ಲಿಯಿಂದ ಒಬ್ಬ ಹಿರಿಯ ಅಧಿಕಾರಿ ಬಂದು ಕಣ್ಣಾರೆ ನೋಡಿ ವರದಿ ಬರೆಯಬೇಕಿತ್ತು. ಮರಿಲಿಂಗಮ್ಮನ ಎದೆಯಲ್ಲಿ ಒಂದು ಆಸೆ ಹುಟ್ಟಿತು. ಇಲ್ಲಿಯವರು ಎಲ್ಲರೂ ಕೂಡಿದವರು, ದಿಲ್ಲಿಯವನು ಹೊರಗಿನವನು. ಅವನಿಗೆ ಗೊತ್ತಾದರೆ ನಿಲ್ಲುತ್ತದೆ. ಗುಮ್ಮಟಕ್ಕೆ ಸಿಮೆಂಟು ಬರುತ್ತದೆ, ಕಲ್ಲದಂಡಿಯ ಹೆಂಗಸರಿಗೆ ಬೈಗುಳ ತಪ್ಪುತ್ತದೆ. ಈ ಲೆಕ್ಕವನ್ನು ಅವಳು ಗಂಡನಿಗೂ ಹೇಳಲಿಲ್ಲ.

ಅಧಿಕಾರಿ ಬಂದ. ಬಿಳಿ ಕೂದಲು, ಮೆತ್ತಗಿನ ಮಾತು, ಕೈಯಲ್ಲಿ ನೀರಿನ ಬಾಟಲಿ. ಹಿಂದಿನ ಮಡುವಿನ ಕಡೆಯಿಂದ ಗಾಳಿ ಬೀಸಿದಾಗ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ, ಏನೆಂದು ಕೇಳಲಿಲ್ಲ. ಶಿಳ್ಳೆ ಆಯಿತು, ಒಲೆ ಹೊತ್ತಿತು. ಅವನು ಹಿಂದಿಯಲ್ಲಿ ಏನೋ ಕೇಳಿದ. ಉಮಾಶ್ರೀ ಕನ್ನಡಕ್ಕೆ ತಿರುಗಿಸಿದಳು: "ಈ ಗ್ಯಾಸಿನಿಂದ ನಿಮಗೆ ಸಂತೋಷವಾಗಿದೆಯೇ ಅಂತ ಕೇಳಾಕತ್ತಾರ."

ಮರಿಲಿಂಗಮ್ಮ ಉಮಾಶ್ರೀಯ ಕಡೆ ನೋಡಲೇ ಇಲ್ಲ. ಅಧಿಕಾರಿಯ ಮುಖವನ್ನೇ ನೋಡುತ್ತ, ಇಮಾಮಬೀ ಜೊತೆ ಮಾತಾಡುವ ದಖನಿಯಲ್ಲಿ, "ಸಾಬ್, ಯೇ ಗೋಬರ್ ಕಾ ಗ್ಯಾಸ್ ನೈ. ಪೀಛೆ ಸಿಲಿಂಡರ್ ಹೈ. ಮೇರೆ ಸಂಗಾತ್ ಆವೊ, ದಿಖಾತೂಂ," ಎಂದಳು. ಇದು ಸಗಣಿಯ ಗ್ಯಾಸಲ್ಲ, ಹಿಂದೆ ಸಿಲಿಂಡರ್ ಇದೆ, ಬನ್ನಿ ತೋರಿಸುತ್ತೇನೆ ಎಂದು.

ಉಮಾಶ್ರೀಯ ಕೈಯಲ್ಲಿದ್ದ ಮೊಬೈಲು ಕೆಳಗಿಳಿಯಿತು. ಈ ಹೆಂಗಸಿಗೆ ಹಿಂದಿ ಬರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಗಮನಾಥ ಮುಂದೆ ಬರುವಷ್ಟರಲ್ಲಿ ಅವಳು ಹೊರಗೆ ನಡೆದಿದ್ದಳು. ಅಧಿಕಾರಿ ಅವಳ ಹಿಂದೆ ಹೊರಟ. ಅವನ ಹಿಂದೆ ಎಲ್ಲರೂ.

ತಗಡಿನ ಬಾಗಿಲನ್ನು ಅವಳೇ ಎಳೆದಳು. ಒಳಗೆ ಬಕೆಟ್ಟಿನ ಮೇಲೆ ಹುಲಗಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗಿ ಬಿಚ್ಚಿದ್ದ, ಟವೆಲು ತಲೆಗೆ ಸುತ್ತಿದ್ದ, ಒಂದು ಕೈ ಸಿಲಿಂಡರಿನ ತಿರುಪಿನ ಮೇಲಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದ. ಇಷ್ಟೊಂದು ಮಂದಿ. ಅವರ ಮುಂದೆ ತನ್ನ ಹೆಂಡತಿ. ಅವನು ಗಡಬಡಿಸಿ ಎದ್ದು, ತಗಡಿಗೆ ತಲೆ ಬಡಿಸಿಕೊಂಡು, ಬರಿಮೈಯಲ್ಲೇ ಎರಡೂ ಕೈ ಜೋಡಿಸಿದ.

"ನಮಸ್ಕಾರ್ರಿ ಸಾಹೇಬ್ರ."

ಅಧಿಕಾರಿಯೂ ಕೈ ಜೋಡಿಸಿದ. ಒಂದು ಕ್ಷಣ ಒಳಗೆಲ್ಲ ಕಣ್ಣಾಡಿಸಿದ. ಆಮೇಲೆ ಬಾಗಿಲನ್ನು ತಾನೇ ನಿಧಾನವಾಗಿ ಮುಂದೆ ದೂಡಿದ. ಒಳಗೆ ಸ್ನಾನ ಮಾಡುತ್ತಿರುವವರನ್ನು ತಪ್ಪಿ ನೋಡಿದವರು ಮುಚ್ಚುತ್ತಾರಲ್ಲ, ಹಾಗೆ. ಉಮಾಶ್ರೀಯ ಕಡೆ ತಿರುಗಿ ಹಿಂದಿಯಲ್ಲಿ, "ಇದು ಬ್ಯಾಕಪ್ ಅಲ್ಲವೇ?" ಎಂದ.

"ಹೌದು ಸರ್, ಬ್ಯಾಕಪ್," ಎಂದಳು ಉಮಾಶ್ರೀ.

"ಒಳ್ಳೆಯದು. ಬ್ಯಾಕಪ್ ಇರಬೇಕು. ಅದಕ್ಕೆ ಆಳನ್ನೂ ಇಟ್ಟಿದ್ದೀರಿ. ಅದನ್ನು ಬರೆದುಕೊಳ್ಳಿ."

ಮರಿಲಿಂಗಮ್ಮನಿಗೆ ಮಾತು ಅರ್ಥವಾಯಿತು. ಅವಳು ಹಸಿರು ಪರದೆಯನ್ನು ಹಿಡಿದೆಳೆದಳು. ಪರದೆ ಅರ್ಧ ಹರಿದು ಬಂತು. ಮಡು ಬಾಯಿಬಿಟ್ಟಿತು, ನೊಣಗಳು ಗುಂಯ್ಯೆಂದು ಎದ್ದವು. "ದೇಖೊ ಸಾಬ್, ದೇಖೊ, ಏಕ್ ಸಾಲ್ ಸೆ ಬಂದ್ ಹೈ," ಒಂದು ವರ್ಷದಿಂದ ಬಂದಾಗಿದೆ ಎಂದು ಕೂಗಿದಳು. ಅಧಿಕಾರಿ ಆಗಲೇ ಗಡಿಯಾರ ನೋಡಿಕೊಂಡು ಕಾರಿನ ಕಡೆ ನಡೆಯುತ್ತಿದ್ದ. ಶಹಾಪುರದ ಖಾನಾವಳಿಯಿಂದ ತರಿಸಿದ್ದ ಊಟ ಪಂಚಾಯಿತಿ ಕಚೇರಿಯಲ್ಲಿ ಕಾದಿತ್ತು.

ಹುಲಗಪ್ಪ ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ತಿಂದು ಎದ್ದು ಹೋಗುತ್ತಿದ್ದ. ಮೂರನೆಯ ದಿನ ತಟ್ಟೆಯ ಮುಂದೆ ಕೂತು, "ಮೊದಲss ನನಗೊಂದ ಮಾತ ಹೇಳಿದ್ರ ಅಂಗಿಯರೆ ಹಾಕ್ಕೊಂಡಿರ್ತಿದ್ದೆ," ಎಂದ. ಮರಿಲಿಂಗಮ್ಮ ಮುಖ ಮುಚ್ಚಿಕೊಂಡು ಅತ್ತಳು. ಹೇಳಿದ್ದರೆ ಅವನು ತಡೆಯುತ್ತಿದ್ದನೆಂದು ಇಬ್ಬರಿಗೂ ಗೊತ್ತಿತ್ತು.

ಗಂಡನ ನೌಕರಿ ಹೋಗುತ್ತದೆ, ತನ್ನದೂ ಹೋಗುತ್ತದೆ ಎಂದು ಅವಳು ಕಾದಳು. ತಿಂಗಳಾಯಿತು, ಯಾರೂ ಕರೆಯಲಿಲ್ಲ. ಕಾಯುವುದು ಸಾಕಾಗಿ ತಾನೇ ಪಂಚಾಯಿತಿಗೆ ಹೋದಳು. ಸಂಗಮನಾಥ ಕುರ್ಚಿ ತೋರಿಸಿದ. ಅವನು ಸಿಟ್ಟಾಗಿರಲಿಲ್ಲ. ಅದೇ ಅವಳಿಗೆ ಮೊದಲು ಹೆದರಿಕೆ ಹುಟ್ಟಿಸಿತು.

"ನೀ ಮಾಡಿದ್ದು ಒಂದ್ ಲೆಕ್ಕದಾಗ ಛಲೋನss ಆತು," ಎಂದ ನಗುತ್ತ. "ಪರ್ಯಾಯ ವ್ಯವಸ್ಥಾ ಅದ, ಅದನ್ನ ನೋಡಾಕ ಸಿಬ್ಬಂದಿ ಅದಾರ, ಸ್ಥಳೀಯ ಹೆಣ್ಮಕ್ಕಳು ಮುಂದ ನಿಂತು ಮಾತಾಡ್ತಾರ ಅಂತ ವರದಿಯೊಳಗ ಬರದಾರ. ಅದಕ್ಕ ಬ್ಯಾರೆ ಮಾರ್ಕು. ಪ್ರಶಸ್ತಿ ನಮಗss ಬಂದದವ್ವಾ."

ಗೋಡೆಗೆ ಒರಗಿಸಿದ್ದ ಚೌಕಟ್ಟನ್ನು ತೋರಿಸಿದ. ಪ್ರಶಸ್ತಿ ಪತ್ರದ ಮಾದರಿ, ಮೂಲೆಯಲ್ಲಿ ಅವಳದೇ ಫೋಟೊ. ಹಳೆಯ ನಗು.

"ಮತ್ತ ಗುಮ್ಮಟ?"

"ನಡೀಲಿಕತ್ತದ ಅಂತ ಬರದ ಮ್ಯಾಲ ರಿಪೇರಿಗಿ ಹ್ಯಾಂಗ ಕೇಳೂದು?"

"ಸಾಲಿಗಿ ಸಿಲಿಂಡರ್?"

"ಅದss ಮಾತು ಮತ್ತ. ಗ್ಯಾಸ್ ನಡೀಲಿಕತ್ತದಲ್ಲ?"

ಮರಿಲಿಂಗಮ್ಮ ಎದ್ದಳು. ಶಿಕ್ಷೆ ಕೊಡುವಷ್ಟೂ ಬೆಲೆ ತನ್ನ ಮಾತಿಗೆ ಇವರು ಕಟ್ಟಿಲ್ಲ. ಅವಳು ಹೇಳಿದ ಸುಳ್ಳೂ ಅವರ ಹೊಟ್ಟೆಗೆ ಹೋಯಿತು, ಹೇಳಿದ ಸತ್ಯವೂ ಹೋಯಿತು. ಎರಡನ್ನೂ ತಿಂದು ತೇಗಿದರು. ಪಂಚಾಯಿತಿಯ ಮೆಟ್ಟಿಲಿಳಿಯುವಾಗ ಅವಳಿಗೆ ಮಡುವಿನ ಪೊರೆಯ ಮೇಲೆ ಕಾಲಿಟ್ಟಂತೆ ಮೈಯೆಲ್ಲ ಜುಮ್ಮೆಂದಿತು. ಮೋರಿಯ ಹತ್ತಿರ ನಿಂತು ವಾಂತಿ ಮಾಡಿಕೊಂಡಳು.

ಆ ರಾತ್ರಿ ಊಟದ ಹೊತ್ತಿಗೆ ಹುಲಗಪ್ಪನ ಉಡಿದಾರದಲ್ಲಿ ಕೀಲಿಕೈ ಇರಲಿಲ್ಲ. "ಕೊಟ್ಟ ಬಂದೆ," ಎಂದ. "ಒಳಗ ಕುಂದ್ರಾಕ ಬ್ಯಾರೆ ಯಾರನ್ನರೆ ನೋಡ್ರಿ, ನಾ ನೀರು ಬಿಡ್ತೀನಿ ಅಷ್ಟss ಅಂದೆ. ಏನಂತಾರೋ ಅನ್ಲಿ."

ಮರುದಿನ ಬಂದ ಗುಂಪಿಗೆ ಒಲೆ ಹಚ್ಚಿ ತೋರಿಸಲು ಮರಿಲಿಂಗಮ್ಮನೂ ಬರಲಿಲ್ಲ. ತನ್ನ ಮೂಲೆಯಲ್ಲಿ ಕಟ್ಟಿಗೆ ಉರಿಸುತ್ತ, ಮಕ್ಕಳ ಬೇಳೆ ಬೇಯಿಸುತ್ತ ಕೂತಳು. ಉಮಾಶ್ರೀ ಬೇರೊಬ್ಬ ಹೆಂಗಸಿಗೆ ಹೊಸ ಸೀರೆ ಉಡಿಸಿ ನಿಲ್ಲಿಸಿದಳು. ನೋಡಲು ಬಂದವರು ಒಂದು ಕಡೆ ನೀಲಿ ಉರಿ, ಇನ್ನೊಂದು ಕಡೆ ಹೊಗೆ, ಎರಡನ್ನೂ ಕಂಡರು. ಹೊಗೆ ಬಾರದಂತೆ ಮೊಬೈಲು ತಿರುಗಿಸಿಕೊಂಡು ಫೋಟೊ ತೆಗೆದರು.

ಭಾನುವಾರ ಗಂಡಹೆಂಡತಿ ಬೆಳಗಿನ ಬಸ್ಸಿಗೆ ಸುರಪುರ ದಾಟಿ ತಿಂಥಣಿಯಲ್ಲಿ ಇಳಿದು, ಎರಡು ಮೈಲಿ ನಡೆದು ಕಲ್ಲದಂಡಿ ಸೇರಿದರು. ಊರ ಬಾಗಿಲಲ್ಲಿ 'ಹೊಗೆಮುಕ್ತ ಗ್ರಾಮ' ಎಂಬ ಫಲಕ. ಅದರ ಹಿಂದೆ ಅಂಗಳ ಅಂಗಳದಿಂದ ಹೊಗೆ ಏಳುತ್ತಿತ್ತು.

ಶೇಖಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. "ಮತ್ತ್ಯಾನ ತೋರ್ಸಾಕ ಬಂದೀರಿ?"

"ತೋರ್ಸಾಕ ಏನಿಲ್ಲವ್ವಾ. ಒಲಿ ಹಾಕಿಕೊಡಾಕ ಬಂದೀನಿ. ನನ್ನ ಕೈಯಾಗ ಬರೂದು ಅದೊಂದss. ಗ್ವಾಡಿಗಿ ತೂತು ಹೊಡದು ಹೊಗಿ ಹೊರಗ ಹೋಗೂಹಂಗ ಹಾಕ್ತೀನಿ. ಇವ ಮಣ್ಣು ತುಳಿತಾನ."

"ಮನಿ ಪಟ್ಟಿಯಾಗಿನ ಹೆಸರು ತೆಗದ್ರ?"

ಮರಿಲಿಂಗಮ್ಮ ಸುಳ್ಳು ಧೈರ್ಯ ಹೇಳಲಿಲ್ಲ. "ತೆಗೀಬಹುದು. ಗೊತ್ತಿಲ್ಲ ನನಗ. ಆದ್ರ ನಲವತ್ತು ಮನ್ಯಾಗೂ ಒಮ್ಮೆಲೆ ಒಲಿ ಎದ್ರ ನಲವತ್ತೂ ಹೆಸರು ತೆಗೀಬೇಕಲ್ಲ. ಊರss ಇಲ್ಲ ಅಂತ ಬರೀಬೇಕಾಗ್ತದ."

ಶೇಖಮ್ಮ ಯೋಚಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ತಂದಳು. ಹೊಳೆದಂಡೆಯಿಂದ ಅಂಟುಮಣ್ಣು ಬಂತು, ಭತ್ತದ ಹೊಟ್ಟು ಬಂತು, ಸಗಣಿ ಬಂತು. ಹುಲಗಪ್ಪ ಪಂಚೆ ಎತ್ತಿ ಕಟ್ಟಿ ತುಳಿದ. ಒಬ್ಬೊಬ್ಬರೇ ಹೆಂಗಸರು ಬಂದು ದೂರ ನಿಂತು ನೋಡಿದರು. ಮೊದಲ ಒಲೆ ಪಾರ್ವತಿಬಾಯಿಯ ಮನೆಯಲ್ಲಿ ಎದ್ದಿತು. ಮುದುಕಿ ಹಸಿ ಮಣ್ಣಿನ ಮೇಲೆ ಕೈಯಾಡಿಸಿ, "ಯಾರು ಬಂದ್ರೂ ಇದನ್ನ ನಾ ಒಡಿಯಂಗಿಲ್ಲ. ಅವ್ರss ಒಡೀಲಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಪಂಚಾಯಿತಿಯ ಸಿಪಾಯಿ ಸೈಕಲ್ ಮೇಲೆ ಬಂದ. ಏನು ನಡೆಯುತ್ತಿದೆ ಎಂದು ನೋಡಿ ಗದರಿದ. ಯಾರೂ ಎದ್ದು ನಿಲ್ಲಲಿಲ್ಲ. ಕೊನೆಗೆ ಅವನೇ ತಗ್ಗಿ, "ಹಾಕ್ಕೊಳ್ರಿ, ಆದ್ರ ಸಾಹೇಬ್ರು ಬರೂ ದಿನ ಮ್ಯಾಲ ಒಂದು ಚಾದರಾ ಮುಚ್ಚರಿ," ಎಂದ.

ಶೇಖಮ್ಮ ಕೈತುಂಬ ಮಣ್ಣಿನಿಂದಲೇ ಅವನ ಕಡೆ ತಿರುಗಿದಳು. "ಚಾದರಾ ನಿಮ್ಮ ಸಾಹೇಬ್ರ ಮಾರಿಮ್ಯಾಲ ಮುಚ್ಚು, ಹೋಗು."

ಸಂಜೆಯ ಬಸ್ಸಿನ ಹೊತ್ತಿಗೆ ಒಂಬತ್ತು ಒಲೆಗಳಾಗಿದ್ದವು. ಒಣಗಲು ಇನ್ನೂ ಎರಡು ದಿನ ಬೇಕಿತ್ತು. ಶೇಖಮ್ಮ ಅಂಗಳದ ಮೂರು ಕಲ್ಲಿನ ಮೇಲೆ ಚಹಾ ಕಾಸಿ ಇಬ್ಬರಿಗೂ ಕೊಟ್ಟಳು. ತಾನೂ ಒಂದು ಲೋಟ ಹಿಡಿದು ಎದುರು ಕೂತಳು.

"ಮುಂದಿನ ಐತವಾರ ಬರ್ರಿ," ಎಂದಳು. "ಇನ್ನಾ ಮೂವತ್ತೊಂದು ಮನಿ ಅದಾವ. ಆದ್ರ ಅಕ್ಕಾ, ನಿಮ್ಮ ಮಾತು ನಾ ನಂಬಂಗಿಲ್ಲ. ಅದು ಇನ್ನ ಆಗೂದಿಲ್ಲ ನನ್ನ ಕಡಿಂದ."

"ನಂಬಬ್ಯಾಡವ್ವಾ," ಎಂದಳು ಮರಿಲಿಂಗಮ್ಮ. ಹೊಗೆಗೆ ಅವಳ ಕಣ್ಣಿನಿಂದ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಹೋಗದೆ ಲೋಟದ ಚಹಾ ಮುಗಿಸಿದಳು.